ಐರ್ಲೆಂಡೋ ಐಸ್‌ಲ್ಯಾಂಡೋ? ಸೆಮಿನಾರ್‌ಗೆ ಆರಿಸಿಕೊಳ್ಳುವವರಿಗೆ

ಕೌನ್ಸಿಲ್ ಆಫ್ ಯುರೋಪ್‌ನಲ್ಲಿ ಐರ್ಲೆಂಡ್ ಅಧ್ಯಕ್ಷವಾಗಿದ್ದ ಅವಧಿಯೋ ಐಸ್‌ಲ್ಯಾಂಡ್‌ನ ಅವಧಿಯೋ, ಸೆಮಿನಾರ್‌ಗೆ ಯಾವುದು ಒಳ್ಳೆಯ ವಿಷಯ? ಮೊದಲೇ ಹೇಳಿಬಿಡುತ್ತೇನೆ, ಕೌನ್ಸಿಲ್ ಆಫ್ ಯುರೋಪ್ ಬೇರೆ, ಯುರೋಪಿಯನ್ ಯೂನಿಯನ್ ಬೇರೆ. 1949ರಲ್ಲಿ ಹುಟ್ಟಿದ ಕೌನ್ಸಿಲ್‌ನ ಮುಖ್ಯ ಕೆಲಸವೇ ಮಾನವ ಹಕ್ಕುಗಳ ರಕ್ಷಣೆ. ಸದಸ್ಯ ದೇಶಗಳ ವಿದೇಶಾಂಗ ಮಂತ್ರಿಗಳಿರುವ ಇದರ ಮಂತ್ರಿಗಳ ಸಮಿತಿಗೆ ಆರು ತಿಂಗಳಿಗೊಂದು ದೇಶ ಅಧ್ಯಕ್ಷ.

2022ರ ಮೇನಲ್ಲಿ ಐರ್ಲೆಂಡ್‌ನ ಸರದಿ ಬಂತು. ಉಕ್ರೇನ್ ಮೇಲಿನ ದಾಳಿಗಾಗಿ ರಷ್ಯಾವನ್ನು ಕೌನ್ಸಿಲ್‌ನಿಂದ ಹೊರಹಾಕಿ ಆಗಷ್ಟೇ ಎರಡು ತಿಂಗಳಾಗಿತ್ತು. ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿರುವ ಕೌನ್ಸಿಲ್‌ನ ಮಾನವ ಹಕ್ಕುಗಳ ಕೋರ್ಟನ್ನು ಬಲಪಡಿಸುವುದು, ಜನರ, ಅದರಲ್ಲೂ ಯುವಕರ ಮಾತು ಕೇಳುವುದು, ಎಲ್ಲರನ್ನೂ ಒಳಗೊಳ್ಳುವುದು ಐರ್ಲೆಂಡ್‌ನ ಆದ್ಯತೆ. ಮೂರನೆಯದಕ್ಕೆ ಅವರು ಕೊಟ್ಟ ಹೆಸರು 'ಫಾಲ್ಚ', ಐರಿಷ್‌ನಲ್ಲಿ ಸ್ವಾಗತ ಅಂತ. ಎಷ್ಟು ಚೆಂದ ಅಲ್ವಾ?

ಆಮೇಲೆ ಬಂದದ್ದು ಐಸ್‌ಲ್ಯಾಂಡ್. ನಾಲ್ಕು ಲಕ್ಷ ಜನರೂ ಇಲ್ಲದ ದೇಶ. ಮಕ್ಕಳು, ಸಮಾನತೆ, ಪರಿಸರ ಅದರ ಪಟ್ಟಿಯಲ್ಲಿದ್ದವು. ಆದರೆ ನೆನಪಲ್ಲಿ ಉಳಿದದ್ದು 2023ರ ಮೇ 16, 17ರಂದು ಅದರ ರಾಜಧಾನಿ ರೇಕ್ಯಾವಿಕ್‌ನಲ್ಲಿ ನಡೆದ ಕೌನ್ಸಿಲ್‌ನ ಶೃಂಗಸಭೆ. 2005ರ ವಾರ್ಸಾ ಸಭೆಯ ನಂತರ ಸದಸ್ಯ ದೇಶಗಳ ನಾಯಕರೆಲ್ಲ ಹೀಗೆ ಸೇರಿದ್ದು ಅದೇ ಮೊದಲು. ರಷ್ಯಾದ ದಾಳಿಯಿಂದ ಉಕ್ರೇನ್‌ಗಾದ ಹಾನಿಯನ್ನು ದಾಖಲಿಸುವ ರಿಜಿಸ್ಟರ್ ಶುರುವಾದದ್ದು ಅಲ್ಲೇ. ಅದರ ಕಚೇರಿ ನೆದರ್ಲ್ಯಾಂಡ್ಸ್‌ನ ಹೇಗ್ ನಗರದಲ್ಲಿದೆ. ಬಾಂಬಿಗೆ ಮನೆ ಕಳೆದುಕೊಂಡ ಕುಟುಂಬ ಫೋಟೊ, ಕಾಗದಪತ್ರ ಕೊಟ್ಟು ಅರ್ಜಿ ಹಾಕಬಹುದು. ದುಡ್ಡು ಕೈಗೆ ಬರುವುದು ಇನ್ನೂ ದೂರದ ಮಾತು, ಆದರೆ ನಷ್ಟ ಬರಹದಲ್ಲಿ ಉಳಿಯುತ್ತದೆ. ನನಗೆ ಇದು ಬಹಳ ದೊಡ್ಡದು.

ಕೋರ್ಟು, ಕಾನೂನು ಇಷ್ಟವಿದ್ದರೆ ಐರ್ಲೆಂಡ್ ತಗೊಳ್ಳಿ. ಶೃಂಗಸಭೆಯ ಘೋಷಣೆಯೊಂದು ಕಚೇರಿಯಾಗಿ ಬೆಳೆದದ್ದನ್ನು ತೋರಿಸಬೇಕಿದ್ದರೆ ಐಸ್‌ಲ್ಯಾಂಡ್. ನಾನಂತೂ ಎರಡನೆಯದನ್ನೇ ಆರಿಸುತ್ತೇನೆ.