ಪ್ಯಾಡ್ ಇರೋ ಸೈಕ್ಲಿಂಗ್ ಚಡ್ಡಿ: ಕೂರೋಕೆ ಸೂಪರ್, ಕೊಡಗಿನ ಮಳೇಲಿ ಒಣಗ್ಸೋದೇ ಕಷ್ಟ

3 ಸ್ಟಾರ್ ಕೊಟ್ಟಿದೀನಿ. ಕಟ್ ಮಾಡಿರೋ 2 ಸ್ಟಾರೂ ಒಣಗಲ್ಲ ಅನ್ನೋದಕ್ಕೇನೆ, ಬಯಲುಸೀಮೆ ಕಡೆಯೋರು ಓದ್ತಿದ್ರೆ ಆ ಎರಡನ್ನೂ ಸೇರಿಸ್ಕೊಂಡು ಧೈರ್ಯವಾಗಿ ತಗೊಳ್ಳಿ, ನಿಮಗೆ ಬಿಸಿಲಿದೆ.

ನಾವು ಐದು ಜನ ನವೆಂಬರಲ್ಲಿ ಮಡಿಕೇರಿಯಿಂದ ಮೈಸೂರಿಗೆ ಸೈಕಲಲ್ಲಿ ಹೋಗಿ ಮಾರನೇ ದಿನ ವಾಪಸ್ ಬರೋದು ಅಂತ ಮಾಡಿದೀವಿ, ಹೋಗ್ತಾ ಹೆಚ್ಚುಕಮ್ಮಿ 120 ಕಿ.ಮೀ., ಬರ್ತಾ ಅಷ್ಟೇ. ನಮ್ಮ ಕಡೆ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಓಡಾಡೋರಿದಾರಲ್ಲ, ಟ್ರೀಟ್‌ಮೆಂಟ್ ಹೇಗೋ ಆಗುತ್ತೆ, ತೋಟದ ಒಳಗಿಂದ ಮೇನ್ ರೋಡಿಗೆ ಬರೋ ಜೀಪ್ ಬಾಡಿಗೇಲೇ ಸುಸ್ತಾಗ್ತಾರೆ, ಆ ಓಡಾಟದ ಖರ್ಚಿಗೆ ದುಡ್ಡು ಎತ್ತೋದು. ನೆಂಟರು ಫ್ರೆಂಡ್ಸ್ ಎಲ್ಲ ಕಿಲೋಮೀಟರಿಗೆ ಇಷ್ಟು ಅಂತ ಬರೆಸಿದಾರೆ, ಹಾಗಾಗಿ ಅರ್ಧದಲ್ಲಿ ಸೈಕಲ್‌ನ ಬಸ್ ಮೇಲೆ ಹಾಕ್ಕೊಂಡು ಬರೋ ಹಾಗಿಲ್ಲ.

ಮೇ ತಿಂಗಳಲ್ಲಿ ಮೊದಲ್ನೇ ಪ್ರಾಕ್ಟೀಸ್, ಕುಶಾಲನಗರಕ್ಕೆ ಇಳಿದು ವಾಪಸ್ ಹತ್ತೋದು, 60 ಕಿ.ಮೀ. ನಾನು ಮಾಮೂಲಿ ಟ್ರ್ಯಾಕ್ ಪ್ಯಾಂಟಲ್ಲಿ ಹೋಗಿದ್ದೆ. ಇಳಿಯುವಾಗ ಏನೂ ಗೊತ್ತಾಗ್ಲಿಲ್ಲ, ಯಾಕಂದ್ರೆ ಇಳಿಜಾರಲ್ಲಿ ಅರ್ಧ ಹೊತ್ತು ಪೆಡಲ್ ಮೇಲೆ ನಿಂತೇ ಇರ್ತೀವಿ, ಹತ್ತುವಾಗಲೇ ಇರೋದು ಮಜಾ. ಗುಡ್ಡೆಹೊಸೂರು ದಾಟಿ ಆನೆಕಾಡು, ಸುಂಟಿಕೊಪ್ಪ, ಕೆದಕಲ್, ಬೋಯಿಕೇರಿ ಅಂತ ಮುನ್ನೂರು ಮೀಟರ್‌ಗೂ ಮೇಲೆ ಏರು, ಲೋ ಗೇರಲ್ಲಿ ಸೀಟಿಗೆ ಅಂಟ್ಕೊಂಡು ಕೂತು ತುಳೀಬೇಕು, ಮೈಭಾರ ಎಲ್ಲ ಹಿಂದೆ ಎರಡು ಮೂಳೆ ಮೇಲೆ. ಬೋಯಿಕೇರೀಲಿ ಇಳಿದೋನು ಮತ್ತೆ ಸೀಟ್ ಮೇಲೆ ಕೂರಲಿಲ್ಲ, ತಳ್ಕೊಂಡೇ ಮಡಿಕೇರಿ ಸೇರಿದೆ. ಮೈಸೂರಿಂದ ಬರೋ ದಿನ 90 ಕಿ.ಮೀ. ತುಳಿದ ಮೇಲೆ ಇದೇ ಏರು ಕೊನೇಲಿ ಸಿಗೋದು ಅಂತ ಆವತ್ತು ರಾತ್ರಿ ಹೊಟ್ಟೆ ಮೇಲೆ ಮಲಗಿದಾಗ ತಲೆಗೆ ಹೊಳೀತು. ಮಲಗಿದಲ್ಲೇ ಈ ಚಡ್ಡಿ ಆರ್ಡರ್ ಮಾಡಿದೆ, 1,650 ರೂಪಾಯಿ.

ಬಂತು. ಪ್ಯಾಡ್ ಹೆಬ್ಬೆರಳು ದಪ್ಪ ಇದೆ, ಒಳಗೆ ಜೆಲ್ ಬೇರೆ. ಅಮ್ಮ ನೋಡಿ "ಇದೇನೋ, ಮಗೂಗೆ ಕಟ್ಟೋದಲ್ವಾ" ಅಂದ್ರು. ಸೈಜ್ ಚಿಕ್ಕದು ಬರುತ್ತೆ, ನಂದು 34 ಸೊಂಟ, L ಹಾಕಿದ್ರೆ ಉಸಿರು ಕಟ್ಟುತ್ತೆ. ಎಕ್ಸ್‌ಚೇಂಜ್ ಕೇಳಿದ್ರೆ ನಮ್ಮ ಪಿನ್‌ಕೋಡಿಗೆ ಪಿಕಪ್ ಇಲ್ವಂತೆ, ಕೊಡೋಕೆ ಮಾತ್ರ ದಾರಿ ಗೊತ್ತಿತ್ತು ಇವರಿಗೆ. ಇರ್ಲಿ ಅಂತ ಅದನ್ನೇ ಹಾಕ್ದೆ, ಒಂದು ತಿಂಗಳಲ್ಲಿ ಸೊಂಟವೇ ಸ್ವಲ್ಪ ಅಡ್ಜಸ್ಟ್ ಆಯ್ತು.

ಮೊದಲ್ನೇ ಸಲ ಒಳಗೆ ಅಂಡರ್‌ವೇರ್ ಹಾಕಿ ಮೇಲೆ ಇದನ್ನ ಹಾಕಿದ್ದೆ. ವಿರಾಜಪೇಟೆ ಮುಟ್ಟೋ ಹೊತ್ತಿಗೆ ಆ ಹೊಲಿಗೆ ತೊಡೆಸಂದಿನ ಚರ್ಮ ಕಿತ್ತಿತ್ತು, ಉರಿ ಅಂದ್ರೆ ಉರಿ. ನಮ್ಮ ಗ್ಯಾಂಗಲ್ಲಿ ಎಸ್ಟೇಟ್ ರೈಟರ್ (ತೋಟದ ಲೆಕ್ಕ ಬರೆಯೋರು) ಒಬ್ರಿದಾರೆ, ಸೈಕಲ್ ವಿಷಯದಲ್ಲಿ ಅವರೇ ನಮಗೆ ಗುರು, ಟೀ ಅಂಗಡಿ ಮುಂದೆ ಎಲ್ರಿಗೂ ಕೇಳೋ ಹಾಗೆ "ಇದರೊಳಗೆ ಏನೂ ಹಾಕ್ಬಾರ್ದು ಮಾರಾಯ" ಅಂತ ನಕ್ಕರು. ಆಮೇಲೆ ಪ್ಯಾಕೆಟ್ ನೋಡಿದ್ರೆ ಇದರ ಬಗ್ಗೆ ಒಂದಕ್ಷರ ಇಲ್ಲ, ಬರೀಬಹುದಿತ್ತು. ಒಳಗೇನೂ ಇಲ್ದೆ, ಸ್ವಲ್ಪ ವ್ಯಾಸಲೀನ್ ಹಚ್ಚಿ ಹೋದ ಮೇಲೆ ನಿಜವಾಗ್ಲೂ ಬೇರೆ ಲೋಕ. ಭಾಗಮಂಡಲಕ್ಕೆ ಹೋಗಿ, ಅಲ್ಲಿಂದ ತಲಕಾವೇರಿ 8 ಕಿ.ಮೀ. ಏರು ಹತ್ತಿ ಇಳಿದು ಮನೆಗೆ ಬಂದೆ, ಕಾಲು ಸತ್ತಿತ್ತು, ಸೀಟ್ ಜಾಗ ಮಾತ್ರ ಆರಾಮಾಗಿತ್ತು. ಅದಕ್ಕೆ ಫುಲ್ ಮಾರ್ಕ್ಸ್.

ಈಗ ಮಳೆಗಾಲದ ಕತೆ. ಜೂನಿಂದ ಆಗಸ್ಟ್ ಪೂರ್ತಿ ನಾವು ಬಿಡುವು ಸಿಕ್ಕ ಭಾನುವಾರ ಹೊರಟೇ ಹೊರಟ್ವಿ, ಮೈಗೆ ಮಳೆ ಪರ್ವಾಗಿಲ್ಲ, ಆದ್ರೆ ಈ ಪ್ಯಾಡ್ ನೀರು ಕುಡಿದ ಸ್ಪಂಜ್ ಥರ ಆಗುತ್ತೆ, ಎರಡೂ ಕೈಲಿ ಹಿಂಡಿದ್ರೂ ಜೆಲ್ ಪಕ್ಕದ ಫೋಮಿಂದ ಇನ್ನೂ ಬರ್ತಾನೇ ಇರುತ್ತೆ. ಭಾನುವಾರ ಒಗೆದು ಹಗ್ಗಕ್ಕೆ ಹಾಕಿದ್ದು ಗುರುವಾರಾನೂ ತಣ್ಣಗೆ, ಮುಟ್ಟಿದ್ರೆ ಕಪ್ಪೆ ಮುಟ್ಟಿದ ಹಾಗೆ. ಬೂಷ್ಟು ವಾಸ್ನೆ ಬೇರೆ. ಹಸಿ ಪ್ಯಾಡ್ ಹಾಕ್ಕೊಂಡು ಒಂದ್ಸಲ ಹೋದೆ, ವಾರ ಪೂರ್ತಿ ತುರಿಕೆಗೆ ಪುಡಿ ಹಾಕ್ಬೇಕಾಯ್ತು, ನೀವು ಮಾಡ್ಬೇಡಿ.

ನಮ್ಮನೇಲಿ ಮಳೆಗಾಲದ ಬಟ್ಟೆ ಎಲ್ಲ ಬಚ್ಚಲು ಒಲೆ ಮೇಲೆ ಕಟ್ಟಿರೋ ಹಗ್ಗದಲ್ಲೇ ಒಣಗೋದು, ಶಾಲೆ ಯೂನಿಫಾರ್ಮಿಂದ ಹಿಡಿದು ಎಲ್ಲಕ್ಕೂ ಹೊಗೆ ವಾಸ್ನೆ. ನಾನಿಲ್ಲದಾಗ ಅಮ್ಮ ಪಾಪ, ಒಣಗ್ಲಿ ಅಂತ ಇದನ್ನ ಕೆಳಗಿನ ಹಗ್ಗಕ್ಕೆ ಹಾಕಿದಾರೆ. ಬಂದು ನೋಡಿದ್ರೆ ಪ್ಯಾಡಿನ ಎಡಗಡೆ ಹಪ್ಪಳದ ಥರ ಮುರುಟಿ ಗಟ್ಟಿಯಾಗಿದೆ. ಬೆಂಕಿ ಶಾಖ ತೋರಿಸ್ಬೇಡಿ ಅಂತ ಲೇಬಲಲ್ಲಿ ಇದೆ, ತಪ್ಪು ನಮ್ದೇ, ಅದಕ್ಕೆ ಸ್ಟಾರ್ ಕಟ್ ಮಾಡಿಲ್ಲ. ಆದ್ರೆ ನಾಲ್ಕು ದಿನಕ್ಕೂ ಒಣಗದ ಚಡ್ಡೀನ ಇನ್ನೆಲ್ಲಿ ಹಾಕ್ಬೇಕು ಹೇಳಿ. ಈಗ ಟವಲಲ್ಲಿ ಸುತ್ತಿ ಮೇಲೆ ನಿಂತು ತುಳಿದು ನೀರು ತೆಗೀತೀನಿ, ಒಳಭಾಗ ಹೊರಗೆ ಮಾಡಿ ಫ್ಯಾನ್ ಕೆಳಗೆ ಹಾಕ್ತೀನಿ, ಕರೆಂಟ್ ಇದ್ರೆ ಎರಡನೇ ದಿನ ಒಣಗುತ್ತೆ. ಮಳೆಗಾಲದಲ್ಲಿ ಕರೆಂಟ್ ಬಗ್ಗೆ ಇಲ್ಲಿ ಬರೆಯಲ್ಲ.

ಇನ್ನೊಂದು, ತೊಡೆ ಹತ್ರ ಸಿಲಿಕೋನ್ ಪಟ್ಟಿ ಇದೆಯಲ್ಲ, ಚಡ್ಡಿ ಮೇಲೆ ಸರೀಬಾರ್ದು ಅಂತ. ಅದು ಚೆನ್ನಾಗಿ ಹಿಡಿಯುತ್ತೆ, ಮೂರು ತಿಂಗಳಾದ್ರೂ ಸಡಿಲ ಆಗಿಲ್ಲ. ಚೆಯ್ಯಂಡಾಣೆ ಕಡೆ ಪಂಕ್ಚರ್ ಆಗಿ ಹುಲ್ಲಲ್ಲಿ ಕೂತಿದ್ದಾಗ ಒಂದು ಜಿಗಣೆ ಮಾತ್ರ ಹೇಗೋ ಅದರೊಳಗೆ ನುಗ್ಗಿ ಕೂತಿತ್ತು, ಪಟ್ಟಿ ಟೈಟ್ ಇದ್ದಿದ್ರಿಂದ ಹೊರಗೆ ಬರೋಕೂ ಆಗ್ದೆ ಮನೆ ತನಕ ಕುಡೀತಾ ಬಂದಿದೆ. ನಮ್ಮ ಗ್ಯಾಂಗಲ್ಲೇ ಇರೋ ಮೇಷ್ಟ್ರು ಅದನ್ನ ಆರನೇ ರೈಡರ್ ಅಂತ ಲೆಕ್ಕ ಹಾಕಿದಾರೆ.

ನಮ್ಮ ಕಡೆಯೋರಿಗೆ ಹೇಳೋದಾದ್ರೆ, ಇಂಥ ದಪ್ಪದ್ದು ಒಂದು ತಗೊಳ್ಳೋ ಬದ್ಲು ಜೆಲ್ ಇಲ್ದೆ ಇರೋ ತೆಳು ಫೋಮಿನದ್ದು ಎರಡು ತಗೊಳ್ಳಿ. ಮೇಷ್ಟ್ರ ಹತ್ರ ಇರೋದು ಅಂಥದ್ದೇ, 100 ಕಿ.ಮೀ. ತನಕ ಅವರೂ ಏನೂ ಕಂಪ್ಲೇಂಟ್ ಹೇಳಿಲ್ಲ, ರಾತ್ರಿ ಒಗೆದ್ರೆ ಮಾರನೇ ಸಂಜೆಗೆ ಒಣಗಿರುತ್ತೆ. ನಮ್ಮ ರೈಡಲ್ಲಿ ಮೈಸೂರಲ್ಲಿ ಒಂದೇ ರಾತ್ರಿ ಇರೋದು, ಒಗೆದು ಬೆಳಿಗ್ಗೆ ಅದನ್ನೇ ಹಾಕೋಕೆ ಆಗಲ್ಲ. ಹಾಗಾಗಿ ಹೋಗ್ತಾ ತೆಳುದು, ಬರ್ತಾ ಆ ಕೊನೇ ಏರಿಗೆ ಈ ಮುರುಟಿದ ದಪ್ಪದ್ದು ಅಂತ ಲೆಕ್ಕ ಹಾಕಿ ನಿನ್ನೆ ತೆಳುದೊಂದು ಆರ್ಡರ್ ಮಾಡಿದೆ. ಈ ಸಲ XL.