ಅಮ್ಮತ್ತಿ ಬಳಿಯ ಧ್ಯಾನಕೂಟ: ಬಿಡುಗಡೆಯ ಮಾತು, ಊಟದ ಮೇಜು ಮತ್ತು ಹಿಂಬದಿಯ ಅಡುಗೆಮನೆ

ರೊಬಸ್ಟಾ ಕಾಫಿಯ ಕೊಯ್ಲು ಮುಗಿದು ತೋಟಗಳಲ್ಲಿ ಕೆಲಸ ಸ್ವಲ್ಪ ಸಡಿಲವಾಗುವ ತಪಸ್ಸುಕಾಲದಲ್ಲಿ (ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ), ಕೊಡಗಿನ ಅಮ್ಮತ್ತಿಯಿಂದ ಸ್ವಲ್ಪ ಒಳಗಿರುವ ಚಿಕ್ಕ ಧ್ಯಾನಕೇಂದ್ರವೊಂದು ವಾರಾಂತ್ಯದ ಧ್ಯಾನಕೂಟವನ್ನು ನಡೆಸುತ್ತದೆ. ಶುಕ್ರವಾರ ಸಂಜೆ ಆರಂಭವಾಗಿ ಭಾನುವಾರ ಮಧ್ಯಾಹ್ನದ ಊಟದೊಂದಿಗೆ ಮುಗಿಯುವ ಕೂಟಕ್ಕೆ ಈ ಸಲ ಆರಿಸಿಕೊಂಡ ವಿಷಯ ‘ಕ್ರಿಸ್ತನಲ್ಲಿ ಬಿಡುಗಡೆ, ಕ್ರಿಸ್ತನಲ್ಲಿ ಗುರುತು’. ಪ್ರಚಾರ ಬೇಡವೆಂದು ನಡೆಸುವವರೇ ಕೇಳಿಕೊಂಡಿರುವುದರಿಂದ ಕೇಂದ್ರದ ಹೆಸರನ್ನು ಇಲ್ಲಿ ಬರೆದಿಲ್ಲ. ಈ ಭಾಗದ ಕ್ರೈಸ್ತರಿಗೆ ಅದನ್ನು ಊಹಿಸುವುದು ಕಷ್ಟವೇನಲ್ಲ.

ಬಿಡುಗಡೆಯ ಹೆಸರಿನ ಕೂಟಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಕುಡಿತದಿಂದ, ಸಾಲದಿಂದ, ಮಾಟ-ಮಂತ್ರದ ಭಯದಿಂದ ಒಂದೇ ರಾತ್ರಿಯಲ್ಲಿ ಬಿಡುಗಡೆ ಸಿಗುತ್ತದೆಂದು ಸಾರುವ ಫ್ಲೆಕ್ಸುಗಳನ್ನು ಪೇಟೆಯ ಬಸ್‌ ನಿಲ್ದಾಣಗಳ ಎದುರು ನೋಡಿದವರಿಗೆ ಈ ಕೂಟದ ಮೊದಲ ಗಂಟೆಯೇ ಆಶ್ಚರ್ಯ ಹುಟ್ಟಿಸುತ್ತದೆ. ಇಲ್ಲಿ ಯಾರೂ ಏನನ್ನೂ ಭರವಸೆ ಕೊಡುವುದಿಲ್ಲ. ಕೂಟವನ್ನು ನಡೆಸುವ ಹಿರಿಯ ಫಾದರ್ ಪ್ರಾರ್ಥನೆಯ ನಂತರ ಕೇಳಿದ್ದು ಒಂದೇ ಪ್ರಶ್ನೆ: ಹೊಸಬರು ಸಿಕ್ಕಿದಾಗ ಕೊಡಗಿನಲ್ಲಿ ನಾವು ಮೊದಲು ಕೇಳುವುದು ಏನನ್ನು? ಉತ್ತರ ಎಲ್ಲರಿಗೂ ಗೊತ್ತಿತ್ತು. ಕೊಡವರಾದರೆ ಯಾವ ಒಕ್ಕ (ಮನೆತನ) ಎಂದು ಕೇಳುತ್ತೇವೆ, ಇತರರಾದರೆ ಯಾವ ಊರಿನಿಂದ ಬಂದವರು ಎಂದು ಕೇಳುತ್ತೇವೆ, ಲೈನ್‌ಮನೆಯವರಾದರೆ, ಅಂದರೆ ತೋಟದ ಸಾಲುಮನೆಗಳ ಕೂಲಿಯವರಾದರೆ, ಯಾರ ತೋಟದವರು ಎಂದು ಕೇಳುತ್ತೇವೆ. ಮೂರನೆಯ ಪ್ರಶ್ನೆಯಲ್ಲಿ ಕೇಳಿಸಿಕೊಂಡವರ ಹೆಸರೇ ಇರುವುದಿಲ್ಲ, ಮಾಲೀಕರ ಹೆಸರಷ್ಟೇ ಇರುತ್ತದೆ. ಕೂಟದ ಉಳಿದ ಮಾತೆಲ್ಲ ಈ ಪ್ರಶ್ನೆಗಳ ಸುತ್ತಲೇ ನಡೆಯಿತು.

ಸೇರಿದ್ದವರು ಒಂದೇ ಬಗೆಯವರಾಗಿರಲಿಲ್ಲ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನ ಕೊಂಕಣಿ ಮನೆತನಗಳವರು, ಕಾಳುಮೆಣಸು ಬೆಳೆಯಲು ಬಂದು ನೆಲೆಸಿದ ಮಲಯಾಳಿ ಕುಟುಂಬಗಳವರು, ತೋಟಗಳ ತಮಿಳು ಕಾರ್ಮಿಕರು, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪರಂಪರೆಯ ಕನ್ನಡ ಪ್ರಾಟೆಸ್ಟೆಂಟರು ಒಂದೇ ಹಾಲಿನಲ್ಲಿ ಕುಳಿತಿದ್ದರು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೆನರಾದ ಕ್ಯಾಥೋಲಿಕರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರನು ಆಶ್ರಯ ಕೊಟ್ಟಿದ್ದರಿಂದ 1792ರಲ್ಲಿ ವಿರಾಜಪೇಟೆಯ ಆ ಚರ್ಚು ಹುಟ್ಟಿತು. ಕೊಡಗಿನ ಕ್ರೈಸ್ತ ಇತಿಹಾಸದ ಒಂದು ಮುಖ್ಯ ಎಳೆ ಬಿಡುಗಡೆಯಾಗಿ ಬಂದವರಿಂದಲೇ ಆರಂಭವಾಗುತ್ತದೆ ಎಂಬುದನ್ನು ಕೂಟದಲ್ಲಿ ಯಾರೂ ಹೇಳಲಿಲ್ಲ, ಹೇಳಬಹುದಿತ್ತು. ವಾಚನಗಳು ಕನ್ನಡದಲ್ಲಿದ್ದರೂ ಕ್ಯಾಥೋಲಿಕರ ಕೈಯಲ್ಲಿದ್ದ ಬೈಬಲ್ ಬೇರೆ, ಪ್ರಾಟೆಸ್ಟೆಂಟರ ಸತ್ಯವೇದ ಬೇರೆಯಾದ್ದರಿಂದ ಗಟ್ಟಿಯಾಗಿ ಒಟ್ಟಿಗೆ ಓದುವಾಗ ಸ್ವಲ್ಪ ತಡವರಿಕೆಯಾಯಿತು.

ಶನಿವಾರ ಬೆಳಗಿನ ಅವಧಿಯೇ ಇಡೀ ಕೂಟದ ಸತ್ವ. ಯೊವಾನ್ನನ ಶುಭಸಂದೇಶದ ಎಂಟನೆಯ ಅಧ್ಯಾಯದಲ್ಲಿ, ಸತ್ಯವು ನಿಮ್ಮನ್ನು ಸ್ವತಂತ್ರರನ್ನಾಗಿ ಮಾಡುವುದೆಂದು ಯೇಸು ಹೇಳಿದ ಕೂಡಲೇ ಕೇಳುಗರು ಕೊಡುವ ಉತ್ತರವನ್ನು ಫಾದರ್ ಎತ್ತಿಕೊಂಡರು. ತಾವು ಅಬ್ರಹಾಮನ ವಂಶದವರು, ಯಾರಿಗೂ ಎಂದೂ ಗುಲಾಮರಾಗಿದ್ದವರಲ್ಲ ಎಂದು ಅವರು ಹೇಳುತ್ತಾರೆ. ಬಿಡುಗಡೆಯ ಮಾತಿಗೆ ಮನೆತನದ ಹೆಸರನ್ನು ಉತ್ತರವಾಗಿ ಕೊಡುವ ಈ ಬಗೆ ನಮಗೆ ಎಷ್ಟು ಪರಿಚಿತವೆಂಬುದನ್ನು ಫಾದರ್ ಬಿಡಿಸಿ ಹೇಳಲಿಲ್ಲ, ಅದಕ್ಕಾಗಿಯೇ ಅದು ನಾಟಿತು. ನನ್ನ ಪಕ್ಕದಲ್ಲಿದ್ದ, ಮನೆತನದ ಹಿರಿಮೆಯನ್ನು ಪರಿಚಯದಲ್ಲಿಯೇ ಹೇಳಿ ಮುಗಿಸಿದ್ದ ಹಿರಿಯರೊಬ್ಬರು ಆ ಪುಟದ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕುಳಿತರು.

ಅಲ್ಲಿಂದ ಮಾತು ಗಲಾತ್ಯದವರಿಗೆ ಬರೆದ ಪತ್ರಕ್ಕೆ ಹೋಯಿತು. ಇಂದಿನ ಟರ್ಕಿಯ ಒಳನಾಡಿನಲ್ಲಿದ್ದ ಸಭೆಗಳಿಗೆ ಪೌಲನು ಬರೆದ ಆ ಪತ್ರದ ಜಗಳವೇನೆಂದರೆ, ಅನ್ಯಜನರಿಂದ, ಅಂದರೆ ಯೆಹೂದ್ಯರಲ್ಲದವರಿಂದ, ಬಂದ ವಿಶ್ವಾಸಿಗಳು ಸುನ್ನತಿ ಮಾಡಿಸಿಕೊಂಡು ಮೊದಲು ಯೆಹೂದ್ಯರಾಗಬೇಕೇ, ಅಥವಾ ಇದ್ದಂತೆಯೇ ದೇವರ ಮಕ್ಕಳೆನಿಸಬಹುದೇ ಎಂಬುದು. ಇದು ಗ್ರಂಥದಲ್ಲಿ ಮಾತ್ರ ನಡೆದ ಚರ್ಚೆಯಲ್ಲ. ಊಟದ ಪಂಕ್ತಿಯಲ್ಲಿ ನಡೆದದ್ದು. ಅಂತಿಯೋಕ್ಯದಲ್ಲಿ ಅನ್ಯಜನರೊಂದಿಗೆ ಕೂತು ಉಣ್ಣುತ್ತಿದ್ದ ಯೇಸುವಿನ ಶಿಷ್ಯ ಪೇತ್ರನು, ಜೆರುಸಲೇಮಿನಿಂದ ಕೆಲವರು ಬಂದ ಕೂಡಲೇ ಅವರಿಗೆ ಅಂಜಿ ಹಿಂದೆ ಸರಿದುಕೊಂಡದ್ದನ್ನೂ, ಅದಕ್ಕಾಗಿ ಪೌಲನು ಅವನನ್ನು ಎಲ್ಲರೆದುರು ಖಂಡಿಸಿದ್ದನ್ನೂ ಪತ್ರದ ಎರಡನೆಯ ಅಧ್ಯಾಯ ಹೇಳುತ್ತದೆ. ಯಾರೊಂದಿಗೆ ಕೂತು ಉಣ್ಣುತ್ತೇವೆ ಎಂಬುದರಲ್ಲಿಯೇ ನಮ್ಮ ಗುರುತು ಇದೆ ಎಂಬುದನ್ನು ನಮ್ಮ ನಾಡಿನವರಿಗೆ ವಿವರಿಸಬೇಕಾಗಿಲ್ಲ. ಯೆಹೂದ್ಯ-ಗ್ರೀಕ, ದಾಸ-ಸ್ವತಂತ್ರ, ಗಂಡು-ಹೆಣ್ಣು ಎಂಬ ಭೇದವಿಲ್ಲ ಎಂಬ ಪ್ರಸಿದ್ಧ ಮಾತು ಮೂರನೆಯ ಅಧ್ಯಾಯದಲ್ಲಿ ಬರುವುದು ಈ ಊಟದ ಜಗಳದ ಬೆನ್ನಿಗೇ ಎಂಬುದನ್ನು ಗಮನಿಸಿದರೆ, ಗೋಡೆಯ ಮೇಲೆ ತೂಗುಹಾಕುವ ವಾಕ್ಯವಾಗಿ ಸವೆದುಹೋದ ಅದಕ್ಕೆ ಮತ್ತೆ ಮೊನೆ ಬರುತ್ತದೆ.

ಮಧ್ಯಾಹ್ನದ ಊಟದ ಹಾಲಿನಲ್ಲಿ ಬೆಳಗಿನ ಪಾಠ ಅರ್ಧ ನಿಜವಾಯಿತು. ಉದ್ದನೆಯ ಬೆಂಚುಗಳಲ್ಲಿ ತೋಟದ ಮಾಲೀಕರೂ ಲೈನ್‌ಮನೆಯವರೂ ಒಟ್ಟಿಗೆ ಕುಳಿತರು. ಕಡಂಬುಟ್ಟು, ತರಕಾರಿ ಸಾರು, ಮಜ್ಜಿಗೆ ಎಲ್ಲರಿಗೂ ಒಂದೇ ಪಾತ್ರೆಯಿಂದ ಬಂತು. ತಪಸ್ಸುಕಾಲವಾದ್ದರಿಂದ ಮಾಂಸವಿರಲಿಲ್ಲ, ಅದರ ಕೊರತೆ ಕಾಣಲೂ ಇಲ್ಲ. ಶನಿವಾರ ರಾತ್ರಿಯ ಅಕ್ಕಿ ರೊಟ್ಟಿಯನ್ನು ನೆನಪಿಟ್ಟುಕೊಳ್ಳುವಂತೆ ಮಾಡಿದ್ದರು. ಆದರೆ ಬೆಳಿಗ್ಗೆ ಐದಕ್ಕೇ ಎದ್ದು ಈ ಅಡುಗೆ ಮಾಡಿದ ಹೆಂಗಸರು ನಮ್ಮೆಲ್ಲರ ಊಟ ಮುಗಿದು ಪಾತ್ರೆ ತೊಳೆದ ಮೇಲೆ ಹಿಂಬದಿಯ ಜಗುಲಿಯಲ್ಲಿ ಕೂತು ಉಂಡರು. ಒಂದು ಅವಧಿಗೂ ಅವರನ್ನು ಒಳಗೆ ಕರೆಯಲಿಲ್ಲ. ಅವರೂ ಕ್ರೈಸ್ತರೇ, ಅವರಲ್ಲಿ ಇಬ್ಬರು ಚರ್ಚಿನ ಗಾಯನವೃಂದದವರು. ಅಂತಿಯೋಕ್ಯದ ಪಂಕ್ತಿಯ ಬಗ್ಗೆ ಒಂದೂವರೆ ಗಂಟೆ ಮಾತನಾಡಿದ ಮನೆಯಲ್ಲಿ ಇದು ಸಣ್ಣ ಲೋಪವಲ್ಲ. ಭಾಗವಹಿಸಿದವರೇ ಸರದಿಯಂತೆ ಪಾತ್ರೆ ತೊಳೆದರೆ ಅಡುಗೆಯವರಿಗೆ ಬೆಳಗಿನ ಅವಧಿಯಾದರೂ ಸಿಗುತ್ತದೆ ಎಂದು ಅಭಿಪ್ರಾಯದ ಚೀಟಿಯಲ್ಲಿ ಬರೆದು ಕೊಟ್ಟಿದ್ದೇನೆ.

ಮಧ್ಯಾಹ್ನ ಓದಿದ್ದು ಫಿಲೆಮೋನನಿಗೆ ಬರೆದ ಪತ್ರ. ಕೇವಲ 25 ವಚನಗಳ ಈ ಪತ್ರದಲ್ಲಿ, ಒಡೆಯನ ಮನೆಯಿಂದ ದೂರವಾಗಿ ಸೆರೆಯಲ್ಲಿದ್ದ ತನ್ನ ಬಳಿಗೆ ಬಂದ ದಾಸ ಒನೇಸಿಮನನ್ನು ಪೌಲನು ಒಡೆಯನ ಬಳಿಗೇ ಹಿಂದಕ್ಕೆ ಕಳುಹಿಸುತ್ತಾನೆ, ಆದರೆ ಇನ್ನು ಮೇಲೆ ದಾಸನಾಗಿ ಅಲ್ಲ, ಪ್ರಿಯ ಸಹೋದರನಾಗಿ ಸ್ವೀಕರಿಸಬೇಕೆಂದು ಕೇಳುತ್ತಾನೆ. ಗುಲಾಮಗಿರಿಯನ್ನೇ ತೆಗೆದುಹಾಕು ಎಂದು ಪೌಲನು ಏಕೆ ಹೇಳಲಿಲ್ಲ ಎಂಬ ಪ್ರಶ್ನೆಯನ್ನು ಕಾಲೇಜು ವಿದ್ಯಾರ್ಥಿನಿಯೊಬ್ಬರು ನೇರವಾಗಿ ಕೇಳಿದರು. ಫಾದರ್ ಅದಕ್ಕೆ ಸಿದ್ಧ ಉತ್ತರವನ್ನು ಕೊಡದೆ ಕೊಡಗಿನ ಕಥೆಗೆ ಬಂದರು. ಇಲ್ಲಿಯೂ ಗದ್ದೆಯ ಜೊತೆಗೇ ಆಳುಗಳೂ ಒಡೆಯರಿಗೆ ಸೇರಿದವರೆಂದು ಎಣಿಸುತ್ತಿದ್ದ ಕಾಲವಿತ್ತು. 1843ರ ಕಾಯಿದೆಯು ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ತೆಗೆದರೂ, ಕಾಗದದ ಮೇಲಿನ ಬಿಡುಗಡೆ ಗದ್ದೆಗೆ ಇಳಿಯಲು ಬಹಳ ಕಾಲ ಹಿಡಿಯಿತು. 1843ರಲ್ಲಿಯೇ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ್ದ ಬಾಸೆಲ್ ಮಿಷನ್ನಿನ ಹೆರ್ಮನ್ ಮೊಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಬಂದು ಆನಂದಪುರದಲ್ಲಿ ನೆಲೆ ಮಾಡಿದಾಗ, ದೀಕ್ಷಾಸ್ನಾನ ಪಡೆದು ಅಲ್ಲಿ ಸೇರಿದವರಲ್ಲಿ ಅಂಥ ದಲಿತ ಕುಟುಂಬಗಳಿದ್ದವು. ಅವರಿಗೆ ಹೊಸ ವಿಶ್ವಾಸ ಕೊಟ್ಟದ್ದು ಸ್ವರ್ಗದ ಆಶ್ವಾಸನೆಯನ್ನು ಮಾತ್ರವಲ್ಲ. ಒಡೆಯನ ಮನೆಯ ಹೆಸರನ್ನು ಬಿಟ್ಟು ಸ್ವಂತ ಹೆಸರಿನಿಂದ ಕರೆಸಿಕೊಳ್ಳುವ ಅವಕಾಶವನ್ನೂ ಕೊಟ್ಟಿತು.

ಈ ಭಾಗ ಚೆನ್ನಾಗಿತ್ತು, ಆದರೆ ಒಂದು ಕಡೆಗೆ ವಾಲಿತ್ತು. ದೀಕ್ಷಾಸ್ನಾನದ ಕಥೆಗಳೆಲ್ಲವೂ ಬಿಡುಗಡೆಯ ಕಥೆಗಳಲ್ಲ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು 1834ರಲ್ಲಿ ಪದಚ್ಯುತಗೊಳಿಸಿದ ಮೇಲೆ, ಅವನ ಮಗಳು ಗೌರಮ್ಮ ಬಾಲಕಿಯಾಗಿದ್ದಾಗಲೇ 1852ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದಳು. ಅವಳಿಗೆ ಧರ್ಮಮಾತೆಯಾಗಿ ನಿಂತವಳು ವಿಕ್ಟೋರಿಯಾ ರಾಣಿ. ತಂದೆಯ ಹಣದ ಮೊಕದ್ದಮೆ, ಅರಮನೆಯ ಲೆಕ್ಕಾಚಾರ, ಸಾಮ್ರಾಜ್ಯದ ಹೆಮ್ಮೆ ಎಲ್ಲವೂ ಕೂಡಿದ್ದ ಆ ವಿಧಿಯಲ್ಲಿ ಮಗುವಿನ ಸ್ವಂತ ಇಚ್ಛೆಗೆ ಎಷ್ಟು ಜಾಗವಿತ್ತು? 1864ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲಿಯೇ, ಅವಳು ತೀರಿಕೊಂಡಳು. ವಿಶ್ವಾಸದಲ್ಲಿ ಸಿಗುವ ಗುರುತನ್ನೂ ಬೇರೆಯವರು ಹೊರಿಸುವ ಗುರುತನ್ನೂ ಬೇರ್ಪಡಿಸಿ ನೋಡಲು ಕೊಡಗಿನವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಕೂಟದಲ್ಲಿ ಆನಂದಪುರದ ಪಕ್ಕದಲ್ಲಿ ಗೌರಮ್ಮನನ್ನೂ ಇಟ್ಟಿದ್ದರೆ ಚರ್ಚೆ ಇನ್ನಷ್ಟು ಪ್ರಾಮಾಣಿಕವಾಗುತ್ತಿತ್ತು.

ಹೊರಗಿನ ಬಿಡುಗಡೆಯ ಪ್ರಶ್ನೆ ಬಂದಾಗ ಕೂಟ ಹಿಂಜರಿಯುತ್ತದೆ. ಕಾರ್ಮಿಕರೊಬ್ಬರು ಜಾತಿ ಪ್ರಮಾಣಪತ್ರದ ವಿಷಯವನ್ನೆತ್ತಿದರು. 1950ರ ರಾಷ್ಟ್ರಪತಿ ಆದೇಶವು ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಧರ್ಮಕ್ಕೆ ಕಟ್ಟಿಹಾಕಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಅದರೊಳಗೆ ಸೇರಿಸಿದರೂ ದಲಿತ ಕ್ರೈಸ್ತರು ಇನ್ನೂ ಹೊರಗಿದ್ದಾರೆ. ಚರ್ಚಿನ ಪುಸ್ತಕದಲ್ಲಿ ಒಂದು ಹೆಸರು, ಕಚೇರಿಯ ಕಾಗದದಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡು ಬದುಕುವವನ ಗುರುತು ಯಾವುದು ಎಂದು ಅವರು ಕೇಳಿದ ಪ್ರಶ್ನೆಗೆ, ದೇವರ ಮುಂದೆ ನಾವೆಲ್ಲರೂ ಒಂದೇ ಎಂಬ ಉತ್ತರ ಸಾಕಾಗುವುದಿಲ್ಲ. ಆ ಉತ್ತರವನ್ನು ಕೊಟ್ಟವರು ಫಾದರ್ ಅಲ್ಲ, ಸಹಾಯಕ ಬೋಧಕರು. ಚಹಾದ ಗಂಟೆ ಬಾರಿಸಿದ್ದು ಅವರಿಗೆ ಅನುಕೂಲವೇ ಆಯಿತು.

ಸಂಜೆಯ ಉಪನ್ಯಾಸವನ್ನು ಪ್ರಾಟೆಸ್ಟೆಂಟ್ ಪಾಸ್ಟರ್ ಒಬ್ಬರಿಗೆ ಒಪ್ಪಿಸಿದ್ದರು. ಮಾರ್ಟಿನ್ ಲೂಥರ್ 1520ರಲ್ಲಿ ಕ್ರೈಸ್ತನ ಸ್ವಾತಂತ್ರ್ಯದ ಕುರಿತು ಬರೆದ ಚಿಕ್ಕ ಕೃತಿಯ ತಿರುಳನ್ನು, ಅಂದರೆ ವಿಶ್ವಾಸದಿಂದ ಕ್ರೈಸ್ತನು ಯಾರಿಗೂ ಅಧೀನನಲ್ಲ, ಪ್ರೀತಿಯಿಂದ ಎಲ್ಲರಿಗೂ ಸೇವಕ ಎಂಬ ವಿಚಾರವನ್ನು, ಅವರು ಸರಳವಾಗಿ ಮುಂದಿಟ್ಟರು. ತಪಸ್ಸುಕಾಲದಲ್ಲಿ ಕ್ಯಾಥೋಲಿಕ್ ಮನೆಯೊಳಗೆ ಲೂಥರನ ಮಾತು ಕೇಳಿಬಂದದ್ದಕ್ಕೆ ಕೆಲವರು ಹುಬ್ಬೇರಿಸಿದರೂ, ಮನುಷ್ಯನು ದೇವರ ಮುಂದೆ ಕೃಪೆಯಿಂದಲೇ ನೀತಿವಂತನೆನಿಸುತ್ತಾನೆ ಎಂಬ ಮೂಲಭೂತ ವಿಚಾರದಲ್ಲಿ ಕ್ಯಾಥೋಲಿಕ್ ಧರ್ಮಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿರುವುದನ್ನು ಫಾದರ್ ತಾವಾಗಿಯೇ ನೆನಪಿಸಿದರು. ಗುರುತು ಗಳಿಸುವಂಥದ್ದಲ್ಲ, ದೊರೆಯುವಂಥದ್ದು ಎಂಬ ಮಾತು ಇಲ್ಲಿ ಗಟ್ಟಿಯಾಯಿತು. ಅಂಕಪಟ್ಟಿಯಿಂದ, ಎಕರೆಗಳಿಂದ, ವಿದೇಶದ ಸಂಬಳದಿಂದ ತಮ್ಮನ್ನು ಅಳೆದುಕೊಂಡು ದಣಿದವರಿಗೆ ಈ ಒಂದು ಗಂಟೆಗಾಗಿಯೇ ಇಲ್ಲಿಗೆ ಬರಬಹುದು.

ಸಾಕ್ಷಿ ಹೇಳುವ ಅವಧಿ ಸಾಧಾರಣ. ಕುಡಿತ ಬಿಟ್ಟವರ ಕಥೆಗಳಿಗೇ ಹೆಚ್ಚು ಸಮಯ ಹೋಯಿತು. ಅವುಗಳ ನಡುವೆ, ತಾನು ಇಷ್ಟು ವರ್ಷ ಗಂಡನ ಹೆಂಡತಿ, ಮಕ್ಕಳ ತಾಯಿ, ತೋಟದ ಆಳು ಆಗಿದ್ದೆ, ಪ್ರಾರ್ಥನೆಯಲ್ಲಿ ಮಾತ್ರ ತನ್ನನ್ನು ಹೆಸರು ಹಿಡಿದು ಕರೆದಂತಾಗುತ್ತದೆ ಎಂದು ತಡೆತಡೆದು ಹೇಳಿದ ಮಹಿಳೆಯೊಬ್ಬರನ್ನು ನಿರೂಪಕರು ಎರಡೇ ನಿಮಿಷಕ್ಕೆ ನಿಲ್ಲಿಸಿದ್ದು ಸರಿಯಲ್ಲ.

ಆಪ್ತಸಮಾಲೋಚನೆಯ ಗುಣಮಟ್ಟಕ್ಕೂ ಅದರ ಏರ್ಪಾಡಿಗೂ ತಾಳೆಯಿಲ್ಲ. ಮಾತನಾಡಿಸುವ ಸಿಸ್ಟರ್ ತರಬೇತಿ ಪಡೆದವರು. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ವಿಶ್ವಾಸದ ಹೆಸರಿನಲ್ಲಿ ಅದನ್ನು ನಿಲ್ಲಿಸಬಾರದೆಂದು ಸಭೆಯಲ್ಲಿಯೇ ಖಡಾಖಂಡಿತವಾಗಿ ಹೇಳಿದರು. ಇತರ ಕೂಟಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಮಾತನ್ನು ಕೇಳಿದವರಿಗೆ ಇದರ ಬೆಲೆ ತಿಳಿಯುತ್ತದೆ. ಆದರೆ ಸಮಾಲೋಚನೆಗೆ ಕೊಟ್ಟ ಜಾಗ ಊಟದ ಹಾಲಿಗೆ ಅಂಟಿಕೊಂಡ ವರಾಂಡ. ಲೋಟ ಇಡುವ ಸದ್ದು ಒಳಗೆ ಕೇಳಿಸುವಂತೆಯೇ ಒಳಗಿನ ಅಳು ಹೊರಗೆ ಕೇಳಿಸುತ್ತದೆ. ಎಲ್ಲರಿಗೂ ಎಲ್ಲರೂ ಗೊತ್ತಿರುವ ನಮ್ಮ ಜಿಲ್ಲೆಯಲ್ಲಿ ಬಾಗಿಲಿರುವ ಕೋಣೆ ಇಲ್ಲದೆ ಇಂಥ ಸೇವೆ ನಡೆಯಬಾರದು.

ಕೋಣೆಗಳು ಸ್ವಚ್ಛವಾಗಿವೆ, ಬಿಸಿನೀರು ಸೌದೆ ಒಲೆಯದು, ಬೆಳಿಗ್ಗೆ ಆರರ ಒಳಗೆ ಹೋದವರಿಗೆ ಮಾತ್ರ ಸಿಗುತ್ತದೆ. ಕೈಗೆ ಕೊಟ್ಟ ಪುಸ್ತಿಕೆಯ ಅಕ್ಷರಗಳು ಹಿರಿಯರಿಗೆ ಓದಲಾಗದಷ್ಟು ಚಿಕ್ಕವು. ಶುಲ್ಕ ಸಾಧಾರಣ ಹೋಂಸ್ಟೇಯ ಒಂದು ರಾತ್ರಿಯ ಬಾಡಿಗೆಗಿಂತ ಕಡಿಮೆ. ಕೂಲಿ ಕಾರ್ಮಿಕರಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ, ಯಾರು ಕೊಟ್ಟರು ಯಾರು ಕೊಡಲಿಲ್ಲ ಎಂಬುದು ಹೊರಗೆ ತಿಳಿಯದಂತೆ ನೋಡಿಕೊಳ್ಳುತ್ತಾರೆ. ಕ್ರೈಸ್ತರಲ್ಲದವರೂ ಬರಬಹುದು, ಬಂದಿದ್ದರು ಕೂಡ. ಮತಾಂತರದ ಮಾತು ಯಾವ ಅವಧಿಯಲ್ಲಿಯೂ ಬರಲಿಲ್ಲ. ಅದ್ಭುತಗಳನ್ನು ನಿರೀಕ್ಷಿಸುವವರಿಗೂ ಗದ್ದಲದ ಸ್ತುತಿಗೀತೆ ಬೇಕೆನ್ನುವವರಿಗೂ ಈ ಕೂಟ ಹಿಡಿಸಲಾರದು. ಶಾಸ್ತ್ರದ ಓದಿನಲ್ಲಿ ಆಸಕ್ತಿಯಿದ್ದು, ತಮ್ಮ ಮನೆತನ, ಜಾತಿ, ಉದ್ಯೋಗಗಳಿಂದಾಚೆಗೆ ತಾವು ಯಾರು ಎಂದು ಒಮ್ಮೆಯಾದರೂ ಕೇಳಿಕೊಂಡವರು ಹೋಗಿಬರಬೇಕು.

ಹೆಸರು ಬರೆಸಲು ತಮ್ಮ ತಮ್ಮ ಚರ್ಚಿನ ಕಚೇರಿಯಲ್ಲಿ ವಿಚಾರಿಸಿದರೆ ಸಾಕು. ವಿರಾಜಪೇಟೆಯಿಂದ ಬಸ್ಸಿನಲ್ಲಿ ಅಮ್ಮತ್ತಿಗೆ ಬಂದು, ಅಲ್ಲಿಂದ ಆಟೋ ಹಿಡಿಯುವುದು ಸುಲಭ. ತೋಟದ ರಸ್ತೆಯಲ್ಲಿ ಆನೆಗಳ ಓಡಾಟವಿರುವುದರಿಂದ ಶುಕ್ರವಾರ ಕತ್ತಲಾಗುವುದಕ್ಕೆ ಮೊದಲೇ ತಲುಪಿಕೊಳ್ಳಬೇಕು, ಮತ್ತು ಒಂದು ಕಂಬಳಿಯನ್ನು ಮನೆಯಿಂದಲೇ ತರಬೇಕು.