ಎರಡು ಆಲ್ಬಂ, ಹದಿಮೂರು ಮಳೆಗಾಲ: ನಿವೃತ್ತ ಕಂಡಕ್ಟರನೊಬ್ಬನ ಬಳಕೆಯ ಅನುಭವ

ನಾಣ್ಯ ಇಡುವ ಮೊದಲ ಆಲ್ಬಂ ಕೊಂಡದ್ದು 2013ರ ಬೇಸಿಗೆಯಲ್ಲಿ, ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ. ಬೆಲೆ 350 ರೂಪಾಯಿ. ಕೆಂಪು ರೆಕ್ಸಿನ್ ಹೊದಿಕೆ, ಅಂಚಿಗೆ ಬಂಗಾರದ ಬಣ್ಣದ ಗೆರೆ, ಒಳಗೆ ಹತ್ತು ಹಾಳೆ, ಹಾಳೆಗೆ ಇಪ್ಪತ್ತು ಕಿಸೆ. ತಯಾರಕರ ಹೆಸರು ಎಲ್ಲಿಯೂ ಇರಲಿಲ್ಲ. ಕಿಸೆಗಳು ಮಾತ್ರ ಎಳೆಯ ಬಾಳೆಯ ಸುಳಿಯಂತೆ ಮೆತ್ತಗಿದ್ದವು. ಮುಟ್ಟಿ ನೋಡಿ ಖುಷಿಪಟ್ಟು ಚೌಕಾಸಿ ಕೂಡ ಮಾಡದೆ ತಂದೆ. ಆ ಮೆದುತನವೇ ಅದರ ರೋಗ ಎಂದು ತಿಳಿಯಲು ನನಗೆ ಆರು ವರ್ಷ ಹಿಡಿಯಿತು.

ನಾನು ಗದಗಿನಲ್ಲಿ ಬಸ್ ಕಂಡಕ್ಟರನಾಗಿದ್ದವನು. ನನ್ನ ಸಂಗ್ರಹದ ಮುಕ್ಕಾಲು ಪಾಲು ಚರ್ಮದ ಚೀಲದಿಂದಲೇ ಬಂದದ್ದು. ಕದ್ದದ್ದಲ್ಲ. ಡ್ಯೂಟಿ ಹತ್ತುವಾಗ ನಮ್ಮ ಸ್ವಂತ ಹಣ ಎಷ್ಟಿದೆ ಎಂದು ವೇ ಬಿಲ್ಲಿನಲ್ಲಿ, ಅಂದರೆ ಡ್ಯೂಟಿಯ ಲೆಕ್ಕದ ಹಾಳೆಯಲ್ಲಿ, ಬರೆಯಬೇಕು. ಚೀಲದಲ್ಲಿ ಒಳ್ಳೆಯ ನಾಣ್ಯ ಕಂಡರೆ ಅಷ್ಟೇ ಬೆಲೆಯ ನನ್ನ ಚಿಲ್ಲರೆ ಹಾಕಿ ಅದನ್ನು ತೆಗೆದುಕೊಳ್ಳುತ್ತಿದ್ದೆ, ಲೆಕ್ಕ ಲೆಕ್ಕಕ್ಕೆ ಸರಿ. ಹಾಗೆ ಬಂದ ಚಾರಾಣೆ, ಆಠಾಣೆ, ಗೇಂಡಾಮೃಗದ 25 ಪೈಸೆ, ಹನ್ನೊಂದು ಮೂಲೆಯ ಎರಡು ರೂಪಾಯಿ, ವರ್ಷಕ್ಕೊಂದರಂತೆ ಐದು ರೂಪಾಯಿಗಳು. 2011ರ ಜೂನ್ 30ಕ್ಕೆ 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಚಲಾವಣೆ ಮುಗಿದಾಗ ನಮ್ಮ ಚೀಲಗಳು ಹಗುರಾದವು, ನನ್ನ ಟ್ರಂಕು ಭಾರವಾಯಿತು.

ಒಂದು ನಾಣ್ಯದ ವಿಷಯ ಬೇರೆ. ಮುಂಡರಗಿ ಬಸ್ಸಿನಲ್ಲಿ, ಸಂತೆಯ ದಿನ, ಒಬ್ಬ ಮುದುಕಿ ಎಲೆಸಂಚಿ ಬಿಚ್ಚಿ ಚಿಲ್ಲರೆ ಸುರಿದಳು. ಅದರಲ್ಲಿ 1944ರ ತೂತಿನ ದುಡ್ಡೊಂದು ಇತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹ ಉಳಿಸಲೆಂದು ನಡುವೆ ತೂತು ಬಿಟ್ಟು ಮಾಡಿದ ಕಂಚಿನ ದುಡ್ಡು. “ಇದು ನಡೆಯುವುದಿಲ್ಲ ಅವ್ವಾ” ಎಂದೆ. “ನನ್ನ ಸಂಚಿಯಲ್ಲಿ ಇಷ್ಟು ವರ್ಷ ನಡೆದಿದೆ, ನಿನ್ನ ಚೀಲದಲ್ಲಿ ನಡೆಯದಿದ್ದರೆ ನೀನೇ ಇಟ್ಟುಕೋ ತಮ್ಮಾ” ಎಂದು ಅದನ್ನು ನನ್ನ ಅಂಗೈಗೆ ಒತ್ತಿ ಹಿಂದಿನ ಸೀಟಿನ ಕಡೆಗೆ ಹೋದಳು. ಅವಳ ಟಿಕೆಟಿನ ಹಣದಲ್ಲಿ ಕಡಿಮೆ ಬಿದ್ದದ್ದನ್ನು ನಾನೇ ಹಾಕಿದೆ.

ಕೊಪ್ಪಳ ಮಾರ್ಗದ ಡ್ಯೂಟಿ ಬಿದ್ದಾಗ ಲಕ್ಕುಂಡಿ ದಾಟುತ್ತಿದ್ದೆವು. ಚಾಲುಕ್ಯರ ಕಾಲದಲ್ಲಿ ಅಲ್ಲಿ ಟಂಕಸಾಲೆ ಇತ್ತು, ಲೊಕ್ಕಿ ಗದ್ಯಾಣ ಎಂಬ ಚಿನ್ನದ ನಾಣ್ಯಕ್ಕೆ ಆ ಊರೇ ಹೆಸರು ಕೊಟ್ಟದ್ದು. ನನ್ನ ಹುಚ್ಚು ಗೊತ್ತಿದ್ದ ಡ್ರೈವರ್, “ಇಳಿದು ಒಂದು ಗದ್ಯಾಣ ಆರಿಸಿಕೊಂಡು ಬಾ, ನಿಲ್ಲಿಸುತ್ತೇನೆ” ಎಂದು ಕಾಡುತ್ತಿದ್ದ. ನೆಲದಲ್ಲಿ ಸಿಕ್ಕಿದ್ದು ಆಲ್ಬಮ್ಮಿಗೆ ಬರುವಂಥದ್ದಲ್ಲ, ನಿಧಿ ಕಾಯ್ದೆಯಂತೆ ಸರ್ಕಾರಕ್ಕೆ ತಿಳಿಸಬೇಕಾದದ್ದು ಎಂದು ಅವನಿಗೆ ಹೇಳಿ ಹೇಳಿ ಸಾಕಾಗಿತ್ತು.

ಗದಗಿನಲ್ಲಿದ್ದಷ್ಟು ಕಾಲ ಆ ಕೆಂಪು ಆಲ್ಬಂ ನನಗೆ ಚೆನ್ನಾಗಿಯೇ ಕಂಡಿತು. ನಾಣ್ಯದ ಎರಡೂ ಬದಿ ಕಾಣುತ್ತಿದ್ದವು, ಮನೆಗೆ ಬಂದವರ ಕೈಗೆ ಕೊಟ್ಟರೆ ಬೆರಳಿನ ಬೆವರು ನಾಣ್ಯಕ್ಕೆ ತಾಗುತ್ತಿರಲಿಲ್ಲ. ಸಣ್ಣಪುಟ್ಟ ತಕರಾರುಗಳಿದ್ದವು. 1957ರ ಒಂದು ನಯಾ ಪೈಸೆಯ ಅಗಲ 16 ಮಿಲಿಮೀಟರ್; ಆ ಕಿಸೆಯಲ್ಲಿ ಅದು ದೊಡ್ಡಪ್ಪನ ಅಂಗಿ ತೊಟ್ಟ ಹುಡುಗನಂತೆ ಓಡಾಡುತ್ತಿತ್ತು, ಹಾಳೆ ತಿರುವಿದರೆ ಕೆಳಗೆ ಉದುರುತ್ತಿತ್ತು. ಹಳೆಯ ಐದು ರೂಪಾಯಿ ಒಂದೊಂದೂ ಒಂಬತ್ತು ಗ್ರಾಂ. ಇಪ್ಪತ್ತು ಸೇರಿದರೆ ಹಾಳೆಗೆ 180 ಗ್ರಾಂ; ಮೂರನೆಯ ವರ್ಷಕ್ಕೆ ಹಾಳೆಯ ತೂತುಗಳು ಹರಿದು ಉಂಗುರದಿಂದ ಜೋತುಬಿದ್ದವು. ಏಪ್ರಿಲ್ ತಿಂಗಳ ಬಿಸಿಲಿಗೆ ಕಿಸೆಯ ಎರಡು ಪದರಗಳು ಒಂದಕ್ಕೊಂದು ಅಂಟುತ್ತಿದ್ದವು. ಅದು ಮೊದಲ ಎಚ್ಚರಿಕೆಯಾಗಿತ್ತು. ನಾನು ಪೌಡರ್ ಹಚ್ಚಿದೆ. ನಗಬೇಡಿ.

2019ರ ಮೇ ತಿಂಗಳಲ್ಲಿ ನಿವೃತ್ತನಾಗಿ ಮಗಳ ಹತ್ತಿರ ಇರೋಣ ಎಂದು ಧಾರವಾಡಕ್ಕೆ ಬಂದೆವು. ಆ ವರ್ಷದ ಆಗಸ್ಟ್ ಈ ಭಾಗದವರು ಯಾರೂ ಮರೆಯುವಂಥದ್ದಲ್ಲ. ದಿನಗಟ್ಟಲೆ ಬಿಸಿಲಿಲ್ಲ, ಒಣಹಾಕಿದ ಬಟ್ಟೆ ವಾಸನೆ ಹಿಡಿಯಿತು, ಗೋಡೆಗಳು ಬೆವೆತವು. ಗದಗಿನ ಒಣಹವೆಯಲ್ಲಿ ಬೆಳೆದ ನನಗೆ ಮಲೆನಾಡಿನ ಸೆರಗಿನ ಈ ತೇವ ಹೊಸದು. ದೀಪಾವಳಿಗೆ ಲಕ್ಷ್ಮೀ ಪೂಜೆಗೆಂದು ಐದನೆಯ ಜಾರ್ಜ್‌ನ 1918ರ ಬೆಳ್ಳಿ ರೂಪಾಯಿ ತೆಗೆಯಲು ಆಲ್ಬಂ ಬಿಚ್ಚಿದರೆ, ತೂತಿನ ದುಡ್ಡಿನ ಮೇಲೆ ಹಸಿರು ಲೋಳೆ. ಬೆರಳಿಗೆ ಜಿಗಿಯಾಗಿ ಹತ್ತಿತು. ನಯಾ ಪೈಸೆಗಳಿಗೂ ಅದೇ ಗತಿ. ಬೆಳ್ಳಿ ರೂಪಾಯಿಯ ಅಂಚಿನಲ್ಲಿ ಕೂಡ ತೆಳು ಹಸಿರು. ಹಾಳೆಯಿಂದ ಹೊಸ ಮಳೆಯಂಗಿಯ ವಾಸನೆ ಬರುತ್ತಿತ್ತು.

ನಮ್ಮ ಓಣಿಯಲ್ಲಿ ರಸಾಯನಶಾಸ್ತ್ರದ ನಿವೃತ್ತ ಮಾಸ್ತರರೊಬ್ಬರಿದ್ದಾರೆ. ಅವರು ಕಿಸೆಯ ಒಂದು ತುಂಡು ಕತ್ತರಿಸಿಕೊಂಡು ಅಂಗಳಕ್ಕೆ ನಡೆದರು. ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ, ಆ ಪ್ಲಾಸ್ಟಿಕ್ಕಿಗೆ ತಾಗಿಸಿ, ಮತ್ತೆ ಜ್ವಾಲೆಗೆ ಹಿಡಿದರು. ಜ್ವಾಲೆ ಹಸಿರಾಯಿತು. “ಕ್ಲೋರಿನ್. ಇದು ಪಿವಿಸಿ” ಎಂದರು. ಮನೆಯೊಳಗೆ ಇದನ್ನು ಮಾಡಬೇಡಿ, ಆ ಹೊಗೆ ಒಳ್ಳೆಯದಲ್ಲ. ಪಿವಿಸಿ ತಾನಾಗಿ ಗಡುಸು. ಅದನ್ನು ಮೆತ್ತಗೆ ಮಾಡಲು ಎಣ್ಣೆಯಂಥ ರಾಸಾಯನಿಕ ಬೆರೆಸುತ್ತಾರೆ. ಕಾಲ ಕಳೆದಂತೆ, ಸೆಕೆಗೆ, ಅದು ಹೊರಗೆ ಒಸರುತ್ತದೆ. ಪ್ಲಾಸ್ಟಿಕ್ ಕೂಡ ಕೆಡುತ್ತ ಆಮ್ಲ ಬಿಡುತ್ತದೆ. ತೇವ ಸಿಕ್ಕರೆ ಆ ಆಮ್ಲ ತಾಮ್ರವನ್ನು ಕಚ್ಚುತ್ತದೆ. ಕಂಚು, ತಾಮ್ರ-ನಿಕ್ಕಲ್, ತಾಮ್ರ ಬೆರೆತ ಹಳೆಯ ಬೆಳ್ಳಿ ಎಲ್ಲಕ್ಕೂ ತೊಂದರೆ. ಗದಗಿನ ಬಿಸಿಲು ಒಸರಿಸಿತು, ಧಾರವಾಡದ ಮಳೆ ಕಚ್ಚಿಸಿತು ಎಂದು ನಾನು ಲೆಕ್ಕ ಹಾಕಿಕೊಂಡೆ.

ಲೋಳೆಯನ್ನು ತೆಗೆದದ್ದು ಶುದ್ಧ ಅಸಿಟೋನ್. ಉಗುರಿನ ಬಣ್ಣ ತೆಗೆಯುವ ದ್ರವವಲ್ಲ, ಅದರಲ್ಲಿ ಬಣ್ಣ, ಸುವಾಸನೆ ಬೆರೆತಿರುತ್ತದೆ. ಗಾಜಿನ ಬಟ್ಟಲಿನಲ್ಲಿ, ಕಿಟಕಿ ತೆರೆದಿಟ್ಟು, ಒಲೆ ಆರಿಸಿ ನಾಣ್ಯ ನೆನೆಹಾಕಬೇಕು. ಎರಡು ಮೂರು ಸಲ ದ್ರವ ಬದಲಿಸಬೇಕು. ತಿಕ್ಕುವುದು ಬೇಡ. ಲೋಳೆ ಹೋಯಿತು, ಆದರೆ ಕಚ್ಚಿದ ಕುಳಿಗಳು ಹೋಗಲಿಲ್ಲ. ತೂತಿನ ದುಡ್ಡಿನ ಕಿರೀಟದ ಹತ್ತಿರ ಈಗಲೂ ಮೈಲಿ ಕಲೆಯಂತೆ ಚುಕ್ಕೆಗಳಿವೆ. ಬೆಳ್ಳಿ ರೂಪಾಯಿಯನ್ನು ನಾನು ಅಸಿಟೋನಿನಲ್ಲಿ ಹಾಕಿದ್ದಾಗಲೇ ನನ್ನ ಹೆಂಡತಿ ಹುಣಸೆಹಣ್ಣು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಪೂಜೆಯ ತಂಬಿಗೆ ಬೆಳಗುವ ಕೈ ಅದು. ಹುಣಸೆಹುಳಿ ಹಾಕಿ ಉಜ್ಜಿದರೆ ಹೊಳಪು ಬರುತ್ತದೆ, ನೂರು ವರ್ಷದಲ್ಲಿ ಕಟ್ಟಿದ ಮೈಬಣ್ಣ ಒಂದು ನಿಮಿಷದಲ್ಲಿ ಹೋಗುತ್ತದೆ. ಸಂಗ್ರಹಕಾರರು ಅಂಥ ನಾಣ್ಯವನ್ನು ಕೈಯಲ್ಲಿ ಹಿಡಿದು ನೋಡಿ ಸುಮ್ಮನೆ ವಾಪಸು ಕೊಡುತ್ತಾರೆ.

ಅದೇ ನವೆಂಬರಿನಲ್ಲಿ ಎರಡನೆಯ ವ್ಯವಸ್ಥೆಗೆ ಬಂದೆ. ಈ ವಿಮರ್ಶೆ ಮುಖ್ಯವಾಗಿ ಅದರದ್ದೇ: ಎರಡಿಂಚು ಚೌಕದ ರಟ್ಟಿನ ಹೋಲ್ಡರ್, ಅದನ್ನು ಹಾಕಿಡಲು ಇಪ್ಪತ್ತು ಕಿಸೆಯ ಗಡುಸಾದ ಪಾಲಿಪ್ರೊಪಿಲೀನ್ ಹಾಳೆ, ಅದಕ್ಕೊಂದು ಕಚೇರಿ ಫೈಲಿನಂಥ ಉಂಗುರದ ಬೈಂಡರ್. ಹೋಲ್ಡರ್ ಐವತ್ತಕ್ಕೆ ನಾನು ಕೊಟ್ಟದ್ದು 180 ರೂಪಾಯಿ, ಹಾಳೆಗೆ 30. ಹೋಲ್ಡರ್ ಎಂದರೆ ಮಡಚುವ ಬಿಳಿ ರಟ್ಟು, ನಡುವೆ ದುಂಡು ಕಿಟಕಿ, ಕಿಟಕಿಗೆ ತೆಳುವಾದ ಪಾಲಿಯೆಸ್ಟರ್ ಪೊರೆ. ಆ ಪೊರೆಯನ್ನು ಮೈಲಾರ್ ಎನ್ನುತ್ತಾರೆ. ನನ್ನ ಹೆಂಡತಿ ರಾಣೆಬೆನ್ನೂರು ಕಡೆಯವಳು. ಮೈಲಾರ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ಮೈಲಾರಲಿಂಗನ ಗುಡಿಯಿರುವ ದೇವರಗುಡ್ಡದ ದಿಕ್ಕಿಗೆ ಕೈಮುಗಿದು “ಏಳು ಕೋಟಿಗೋ” ಎಂದಳು. ಅಂದಿನಿಂದ ಈ ಆಲ್ಬಮ್ಮಿಗೆ ಮನೆಯಲ್ಲಿ ಅದೇ ಹೆಸರು.

ಕಿಟಕಿಯ ಅಳತೆ ನೋಡಿಯೇ ಕೊಳ್ಳಬೇಕು. ಎಲ್ಲ ಅಳತೆ ಬೆರೆಸಿದ ಕಟ್ಟು ತಂದು ನಾನು ಮೊದಲು ಕೆಟ್ಟೆ. ಬೇಕಾದ ಅಳತೆಯ ಹೋಲ್ಡರ್ ನಾಲ್ಕೇ ಇರುತ್ತವೆ, ಬೇಡದವು ಉಳಿಯುತ್ತವೆ. ನಯಾ ಪೈಸೆಗೆ 17.5 ಮಿಲಿಮೀಟರ್, ತೂತಿನ ದುಡ್ಡಿಗೆ 22.5, ಹಳೆಯ ಐದು ರೂಪಾಯಿ 23 ಮಿಲಿಮೀಟರ್ ಇರುವುದರಿಂದ 25. ಹತ್ತು ರೂಪಾಯಿಯ ಎರಡು ಬಣ್ಣದ ನಾಣ್ಯಕ್ಕೆ, ಹನ್ನೊಂದು ಮೂಲೆಯ ಎರಡು ರೂಪಾಯಿಗೆ 27.5. ಬೆಳ್ಳಿ ರೂಪಾಯಿಗೆ 32.5. ಬಿಗಿಯಾದ ಕಿಟಕಿಗೆ ತುರುಕಿದರೆ ಪೊರೆ ಹರಿಯುತ್ತದೆ.

ಅಂಟಿಸುವ ಮಾದರಿ ಬೇಡ, ನಮ್ಮ ಸೆಕೆಗೆ ಅಂಟು ಜರುಗುತ್ತದೆ. ಸ್ಟೇಪ್ಲರ್ ಪಿನ್ನಿನ ಮಾದರಿಯೇ ಇರಲಿ. ಮೂರು ಬದಿಗೆ ಪಿನ್ ಹೊಡೆದು, ಹಿಂದೆ ಎದ್ದ ಕಾಲುಗಳನ್ನು ಇಕ್ಕಳದಿಂದ ಚಪ್ಪಟೆ ಮಾಡಬೇಕು. ಇಲ್ಲದಿದ್ದರೆ ಪಕ್ಕದ ಹಾಳೆಯ ನಾಣ್ಯವನ್ನು ಅದು ಗೀರುತ್ತದೆ. ನಾಣ್ಯ ಹೊರತೆಗೆಯುವಾಗ ಪಿನ್ ಕೀಳಬೇಡಿ, ರಟ್ಟನ್ನೇ ಕತ್ತರಿಯಿಂದ ಕತ್ತರಿಸಿ. ನಾಲ್ಕು ರೂಪಾಯಿ ಉಳಿಸಲು ಹೋಗಿ 1975ರ ಒಂದು ರೂಪಾಯಿಯ ಮೈಗೆ ಉದ್ದ ಗೀರು ಎಳೆದಿದ್ದೇನೆ. ಮೂರನೆಯ ಮಳೆಗಾಲಕ್ಕೆ ಹನ್ನೊಂದು ಹೋಲ್ಡರುಗಳ ಪಿನ್ನು ತುಕ್ಕು ಹಿಡಿದವು. ಈ ವ್ಯವಸ್ಥೆಯ ದೊಡ್ಡ ದೋಷ ಇದೊಂದೇ. ಪ್ರತಿ ಜೂನ್‌ಗೆ ಮೊದಲು ಎಲ್ಲವನ್ನೂ ಒಮ್ಮೆ ನೋಡಿ ಕೆಂಪಾದವನ್ನು ಬದಲಿಸುತ್ತೇನೆ. ನೋಡಲು ಕೂಡ ಇದು ಅಷ್ಟು ಚೆಂದವಲ್ಲ. ಕೆಂಪು ಆಲ್ಬಂ ಮದುಮಗಳಂತಿತ್ತು, ಇದು ತಹಸೀಲ್ದಾರ ಕಚೇರಿಯ ಕಡತದಂತಿದೆ.

ಆದರೂ ನಾನು ಇದನ್ನು ಬಿಡದಿರಲು ಕಾರಣ ಆ ಬಿಳಿ ರಟ್ಟು. ಹಳೆಯ ಆಲ್ಬಮ್ಮಿನಲ್ಲಿ ಬರೆಯಲು ಜಾಗವಿರಲಿಲ್ಲ. ನಾಣ್ಯ ಮಾತ್ರ ಇತ್ತು, ಅದು ಬಂದ ದಾರಿ ಇರಲಿಲ್ಲ. ಈಗ ಇಸವಿ, ಟಂಕಸಾಲೆಯ ಗುರುತು (ಇಸವಿಯ ಕೆಳಗೆ ವಜ್ರದಾಕಾರ ಇದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೊಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ), ಅದರ ಕೆಳಗೆ ಸಿಕ್ಕ ಜಾಗ. “ಅಣ್ಣಿಗೇರಿ, ಮುಂಜಾನೆಯ ಬಸ್ಸು.” “ನರೇಗಲ್, ಹತ್ತಿಯ ಕೂಲಿಯವರು.” “ಮುಂಡರಗಿ, ಎಲೆಸಂಚಿ.” ಮೂವತ್ತು ವರ್ಷದ ಡ್ಯೂಟಿಯಲ್ಲಿ ನೆನಪಿದ್ದಷ್ಟನ್ನು ಎರಡು ತಿಂಗಳು ಕೂತು ಬರೆದೆ. ನೆನಪಾಗದವುಗಳ ಮೇಲೆ ಇಸವಿ ಮಾತ್ರ ಇದೆ, ಅವು ಈಗ ನನಗೇ ಅಪರಿಚಿತರಂತೆ ಕಾಣುತ್ತವೆ. ಬರೆಯುವುದನ್ನು ನಾಣ್ಯ ಹಾಕುವ ಮೊದಲೇ ಮಾಡಬೇಕು. ಆಮೇಲೆ ಪೆನ್ನು ಒತ್ತಿದರೆ ಪೊರೆ ಹರಿದೀತು.

ಬೆಳ್ಳಿ ರೂಪಾಯಿ ಮಾತ್ರ ಆಲ್ಬಮ್ಮಿನಲ್ಲಿ ಇಲ್ಲ. ಅದಕ್ಕೆ 40 ರೂಪಾಯಿಯ ದುಂಡನೆಯ ಅಕ್ರಿಲಿಕ್ ಡಬ್ಬಿ ಕೊಂಡೆ. ದೀಪಾವಳಿಗೆ ಡಬ್ಬಿ ಸಮೇತ ಪೂಜೆಗೆ ಕೂಡುತ್ತದೆ, ಅರಿಸಿನ ಕುಂಕುಮ ಡಬ್ಬಿಯ ಮೇಲೆ ಬೀಳುತ್ತದೆ. ಈ ಒಪ್ಪಂದಕ್ಕೆ ಬರಲು ಎರಡು ದೀಪಾವಳಿ ಬೇಕಾದವು. ಎಲ್ಲಕ್ಕೂ ಡಬ್ಬಿ ಕೊಳ್ಳುವ ಶಕ್ತಿ ನಿಮಗಿದ್ದರೆ ಅದೇ ಒಳ್ಳೆಯದು. ನನ್ನಂಥ ಆರುನೂರು ನಾಣ್ಯದವರಿಗೆ ಪಿಂಚಣಿ ಸಾಲುವುದಿಲ್ಲ. ಇಸವಿ ಮುದ್ರಿಸಿ ಗುಂಡಿ ಕೊರೆದ ಆಲ್ಬಂಗಳನ್ನೂ ನೋಡಿದೆ. ಖಾಲಿ ಗುಂಡಿಗಳು ಸಾಲಗಾರರಂತೆ ದಿಟ್ಟಿಸುತ್ತವೆ. ನನಗೆ ಬೇಡ. ಗೋಡೆಗೆ ಗಾಜಿನ ಚೌಕಟ್ಟು ಹಾಕಿಸಿದರೆ ಒಂದೇ ಬದಿ ಕಾಣುತ್ತದೆ, ಧಾರವಾಡದ ಗೋಡೆಯ ತೇವ ಬೋನಸ್ಸು.

ಇಡುವ ಜಾಗವೂ ಆಲ್ಬಮ್ಮಿನಷ್ಟೇ ಮುಖ್ಯ. ಕಟ್ಟಿಗೆಯ ಕಪಾಟು ಬಿಟ್ಟು ಕಬ್ಬಿಣದ ತಿಜೋರಿಯಲ್ಲಿ, ನಡುವಿನ ಖಾನೆಯಲ್ಲಿ ಬೈಂಡರನ್ನು ನೆಟ್ಟಗೆ ನಿಲ್ಲಿಸಿದ್ದೇನೆ. ಮಲಗಿಸಿದರೆ ಕೆಳಗಿನ ಹಾಳೆಗಳ ಮೇಲೆ ಭಾರ ಬೀಳುತ್ತದೆ. ರಬ್ಬರ್ ಬ್ಯಾಂಡ್ ಹತ್ತಿರ ಸುಳಿಯಬಾರದು, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಸಿಲಿಕಾ ಜೆಲ್ಲಿನ ನೀಲಿ ಹರಳುಗಳ ಪೊಟ್ಟಣ ಇಟ್ಟಿದ್ದೇನೆ. ಜುಲೈ ತಿಂಗಳಲ್ಲಿ ಹದಿನೈದು ದಿನಕ್ಕೇ ಅವು ಗುಲಾಬಿಯಾಗುತ್ತವೆ. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ನೀಲಿ. ಆರು ಮಳೆಗಾಲ ಕಳೆದವು, ಹಸಿರು ಲೋಳೆ ಮತ್ತೆ ಕಂಡಿಲ್ಲ.

ಹಳೆಯ ಕೆಂಪು ಆಲ್ಬಮ್ಮಿನ ಹಾಳೆಗಳನ್ನು ಎಸೆದೆ. ಹೊದಿಕೆಯಲ್ಲಿ ಈಗ ಹೆಂಡತಿಯ ವಿದ್ಯುತ್ ಬಿಲ್ಲುಗಳಿವೆ. ಕೊಳ್ಳುವ ಮೊದಲು ಕಿಸೆಯನ್ನು ಹಿಸುಕಿ, ಮೂಸಿ ನೋಡಿ. ಮೆತ್ತಗಿದ್ದು ಮಳೆಯಂಗಿಯ ವಾಸನೆ ಬಂದರೆ ಎಷ್ಟೇ ಅಗ್ಗವಾಗಿದ್ದರೂ ಕೆಳಗಿಡಿ. ಇನ್ನು, ವೈಷ್ಣೋದೇವಿಯ ಚಿತ್ರದ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುವ ಕರೆಗಳ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲಿಯೇ ಎಚ್ಚರಿಸಿದೆ. ನನ್ನ ಅಳಿಯನಿಗೂ ಅಂಥ ಕರೆ ಬಂದಿತ್ತು. ಅಳಿಯನಾದ್ದರಿಂದ ಹೆಚ್ಚು ಬರೆಯುವುದಿಲ್ಲ.

ಕಳೆದ ವಾರ 27.5ರ ಅಳತೆಯ ಹೋಲ್ಡರ್ ಮತ್ತೆ ಐವತ್ತು ತರಿಸಿದೆ. ಹನ್ನೆರಡು ಮೂಲೆಯ ಇಪ್ಪತ್ತು ರೂಪಾಯಿ ನಾನು ನಿವೃತ್ತನಾದ ಮೇಲೆ ಬಂದ ನಾಣ್ಯ. ನನ್ನ ಚೀಲಕ್ಕೆ ಅದು ಒಮ್ಮೆಯೂ ಬೀಳಲಿಲ್ಲ. ಮೊಮ್ಮಗ ಒಂದನ್ನು ತಂದ. “ಅಜ್ಜಾ, ಚಿಲ್ಲರೆಯಲ್ಲಿ ಬಂತು, ನನ್ನ ಹಣ ಹಾಕಿ ತೆಗೆದುಕೊಂಡೆ” ಎಂದ. ಪಿನ್ ತಾನೇ ಹೊಡೆದ, ಇಕ್ಕಳ ತಾನೇ ಒತ್ತಿದ. ಬರೆಯುವುದು ಮರೆತದ್ದು ಆಮೇಲೆ ನೆನಪಾಗಿ, ಮುಚ್ಚಿದ ಹೋಲ್ಡರಿನ ಮೇಲೆಯೇ ಬಾಲ್ ಪೆನ್ನಿನಿಂದ “ಜ್ಯುಬಿಲಿ ಸರ್ಕಲ್, ಚಿಗರಿ ಬಸ್ಸು” ಎಂದು ಒತ್ತಿ ಬರೆದ. ಪೊರೆ ಒಂದು ಮೂಲೆಯಲ್ಲಿ ಹರಿದಿದೆ. ಬದಲಿಸಿಲ್ಲ.